ಮದ್ಯ ಮಾರಾಟದ ವಯೋಮಿತಿ: ಒಂದು ಅಧ್ಯಯನದ ವಿಮರ್ಶೆ

ಮದ್ಯ ಕೊಳ್ಳುವ ವಯಸ್ಸನ್ನು ಗೊತ್ತುಪಡಿಸುವ ಶಾಸನದ ಪ್ರಭಾವವು ಆ ವಯಸ್ಸು ದಾಟಿದೊಡನೆ ಮುಗಿಯುತ್ತದೆಂದು ಭಾವಿಸುವುದು ವಾಡಿಕೆ. ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಪ್ಲಂಕ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಭಾವನೆಯನ್ನು ಅಲುಗಿಸಿದೆ. ಅಮೆರಿಕದ ಹಲವು ಸಂಸ್ಥಾನಗಳು 1970ರ ದಶಕದಲ್ಲಿ ವಯೋಮಿತಿಯನ್ನು 21ಕ್ಕಿಂತ ಕೆಳಗಿಳಿಸಿದ್ದವು. 1984ರ ಕೇಂದ್ರ ಶಾಸನದ ತರುವಾಯ, 1988ರ ವೇಳೆಗೆ, ಎಲ್ಲೆಡೆಯೂ 21 ನೆಲೆಗೊಂಡಿತು. ಈ ಏರಿಳಿತವನ್ನೇ ಒಂದು ಸಹಜ ಪ್ರಯೋಗವೆಂದು ಬಗೆದು, ತಾರುಣ್ಯದಲ್ಲಿ ಭಿನ್ನ ಶಾಸನಗಳಿಗೆ ಒಳಪಟ್ಟವರು ನಡುವಯಸ್ಸಿನಲ್ಲಿ ಹೇಗೆ ಕುಡಿಯುತ್ತಾರೆಂಬುದನ್ನು ಅವರು ಹೋಲಿಸಿದರು.

ಫಲಿತಾಂಶವು ವಿಚಾರಾರ್ಹವಾದುದು. ಕುಡಿತದ ಒಟ್ಟು ಪ್ರಮಾಣದಲ್ಲಿ ಅಂತರ ಕಾಣಲಿಲ್ಲ. ಆದರೆ 21ಕ್ಕೆ ಮೊದಲೇ ಕೊಳ್ಳಬಲ್ಲವರಾಗಿದ್ದವರಲ್ಲಿ ಒಮ್ಮೆಗೇ ವಿಪರೀತವಾಗಿ ಕುಡಿಯುವ ಚಾಳಿ ದಶಕಗಳ ಮೇಲೂ ಹೆಚ್ಚಾಗಿತ್ತು. ಕಾಲೇಜಿಗೆ ಹೋಗದ ಗಂಡಸರಲ್ಲಿ ಇದು ಎದ್ದು ಕಂಡಿತು. ಸರಾಸರಿಯನ್ನಷ್ಟೇ ನೋಡುವ ಆರೋಗ್ಯಶಾಸ್ತ್ರಕ್ಕೆ ಇದು ದೊರೆಯುತ್ತಲೇ ಇರಲಿಲ್ಲ.

ಆದರೂ ಇದನ್ನು ನಮ್ಮ ನಾಡಿಗೆ ಹಾಗೆಯೇ ತಂದುಕೊಳ್ಳುವುದು ಸಾಧುವಲ್ಲ. ಗ್ರಂಥದಲ್ಲಿದ್ದ ಕಾನೂನೇ ಅಂಗಡಿಯಲ್ಲೂ ನಡೆಯಿತೆಂಬುದು ಆ ಅಧ್ಯಯನದ ಆಧಾರ. ಕರ್ನಾಟಕದಲ್ಲಿ ಗ್ರಂಥವೇ ಎರಡು ಮಾತನಾಡುತ್ತದೆ: 1965ರ ಅಬಕಾರಿ ಅಧಿನಿಯಮ 18 ಎಂದರೆ, 1967ರ ಪರವಾನಗಿ ನಿಯಮಗಳು 21 ಎನ್ನುತ್ತವೆ. 2023ರ ಜನವರಿಯಲ್ಲಿ ನಿಯಮವನ್ನು 18ಕ್ಕಿಳಿಸುವ ಕರಡು ಹೊರಟು, ಜನರ ವಿರೋಧದಿಂದ ಅದೇ ತಿಂಗಳು ಹಿಂದೆ ಸರಿಯಿತು. ಆ ಚರ್ಚೆಯಲ್ಲಿ ತರುಣನೆಂದರೆ ಪಟ್ಟಣದ ಕಾಲೇಜು ವಿದ್ಯಾರ್ಥಿಯೆಂದೇ ಬಹುಮಂದಿ ಗ್ರಹಿಸಿದಂತೆ ತೋರುತ್ತದೆ. (ಈ ಸಂಚಿಕೆಯನ್ನು ಓದುವ ನಾವೂ ಕಾಲೇಜಿನ ಮೆಟ್ಟಿಲೇರಿದವರೇ, ಈ ದೋಷ ನಮಗೂ ಅಂಟದೆ ಇರದು.)

ಬೇಲೂರು ತಾಲ್ಲೂಕಿನ ಅರೇಹಳ್ಳಿಯನ್ನು ನೆನೆಯೋಣ. ಸುತ್ತಲೂ ಕಾಫಿ ತೋಟಗಳು. ಶಾಲೆ ಬಿಟ್ಟು ಕೂಲಿಗೆ ನಿಂತ ಹುಡುಗ, ಲೈನ್ ಮನೆ, ಬಟವಾಡೆಯ ದಿನ ಕೈಸೇರುವ ಹಣ. ಹಣವು ಒಂದೇ ದಿನ ಬಂದು ಕುಡಿತವೂ ಆ ದಿನಕ್ಕೇ ಕೂಡಿಬಂದರೆ, ವಾರದ ಸರಾಸರಿ ಅಲ್ಪವೆನಿಸಿದರೂ ಯಕೃತ್ತಿಗೆ ಬೀಳುವ ಪೆಟ್ಟು ಅಲ್ಪವಲ್ಲ. 2007ರ ಜುಲೈ 1ರಂದು ಸಾರಾಯಿ ನಿಷೇಧವಾದ ಬಳಿಕವೂ ಅಗ್ಗದ ಮದ್ಯ ಪೊಟ್ಟಣಗಳಲ್ಲಿ ದೊರೆಯುತ್ತಲೇ ಇದೆ. ಅಮೆರಿಕದ ಅಧ್ಯಯನವು ಯಾರನ್ನು ಹೆಚ್ಚು ಪೀಡಿತರೆಂದು ಗುರುತಿಸಿತೋ ಅವರ ಸ್ಥಾನದಲ್ಲಿ ಇಲ್ಲಿರುವವನು ಈ ಹುಡುಗನೇ.

ಆದುದರಿಂದ ಅರೇಹಳ್ಳಿಯಂಥ ಕಡೆ ಸಮೀಕ್ಷೆಗೆ ಹೊರಡುವ ವಿದ್ಯಾರ್ಥಿಯು ಎಷ್ಟು ಕುಡಿಯುವಿರೆಂದು ಕೇಳುವುದಕ್ಕೆ ಮುನ್ನ, ಮೊದಲ ಸಲ ಕೊಂಡಾಗ ನಿಮ್ಮ ವಯಸ್ಸೆಷ್ಟು, ಆಗ ಅಂಗಡಿಯವನು ಅದನ್ನು ಕೇಳಿದನೇ ಎಂದು ವಿಚಾರಿಸತಕ್ಕದ್ದು.