ನೊರೆ ಬಲ್ಲ ಕೈ

ಬೆಂಗಳೂರು 1980ರ ದಶಕದಿಂದಲೇ ಪಬ್‌ಗಳ ಊರು. ಜರಗನಹಳ್ಳಿ, ಜೆ.ಪಿ. ನಗರದ ಕಡೆಯೂ ಕೆಗ್ (ಲೋಹದ ಪೀಪಾಯಿ) ಬಿಯರ್ ಈಗ ಅಪರೂಪವಲ್ಲ. ಅಪರೂಪದ್ದು ನಲ್ಲಿ ಹಿಡಿಯುವ ಪಳಗಿದ ಕೈ.

ನೊರೆ ಉಕ್ಕಿದರೆ ಹೊಸಬರು ಗ್ಯಾಸಿನ ಒತ್ತಡ ತಗ್ಗಿಸುತ್ತಾರೆ. ಅದು ತಪ್ಪು ಮದ್ದು: ಒತ್ತಡ ಕುಸಿದರೆ ಪೈಪಿನೊಳಗೇ ಗ್ಯಾಸು ಬಿಟ್ಟುಕೊಂಡು ನೊರೆ ಇನ್ನಷ್ಟು ಹೆಚ್ಚುತ್ತದೆ. ಬಲ್ಲವರು ಮೊದಲು ನೋಡುವುದು ಉಷ್ಣತೆಯನ್ನು. ಮೊದಲ ಲೋಟವಷ್ಟೇ ನೊರೆಯಾದರೆ ನಲ್ಲಿ ಬೆಚ್ಚಗಿದೆ. ಎಲ್ಲವೂ ನೊರೆಯಾದರೆ ಕೆಗ್ಗೇ ಬೆಚ್ಚಗಿರಬಹುದು, ಗ್ಯಾಸು ಅತಿಯಾಗಿರಬಹುದು, ಪೈಪು ಕೊಳೆಯಾಗಿರಬಹುದು. ಈ ರೋಗಪತ್ತೆಯ ಜಾಣ್ಮೆ ನಿಜಕ್ಕೂ ಸೊಗಸು.

ಬಿಯರ್ 3 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಗ್ಯಾಸಿನ ಒತ್ತಡ ಸುಮಾರು 12 ಪಿಎಸ್‌ಐ, ಇದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಮಾಪಕದಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಹೆಚ್ಚಿಡಬೇಕು.

ಎರಡು ವಾರಕ್ಕೊಮ್ಮೆ ಪೈಪು ತೊಳೆಯಿರಿ. ನಲ್ಲಿಯನ್ನು ಅರ್ಧ ತೆರೆಯಬೇಡಿ, ಪೂರ್ತಿ ತೆರೆಯಿರಿ.