ಬಸ್ಸಿಗೂ ತಾಯಿಗೂ ಒಂದೇ ಮಾತೆ?

ಇಂಗ್ಲಿಷಿನ ‘ಮಿಸ್’ ಎಂಬ ಕ್ರಿಯಾಪದ ಈಗ ನಮ್ಮ ಮನೆಮಾತಾಗಿದೆ. ಅದು ಕನ್ನಡಕ್ಕೆ ಬಂದುದರ ಬಗ್ಗೆ ನನ್ನ ತಕರಾರಿಲ್ಲ. ಬಂದು ಇಲ್ಲಿ ಮಾಡುತ್ತಿರುವ ಕೆಲಸವೇನೆಂಬುದನ್ನು ಮಾತ್ರ ಒಮ್ಮೆ ಪರೀಕ್ಷಿಸಬೇಕಾಗಿದೆ.

ಈ ಪರೀಕ್ಷೆಗೆ ಸಕಲೇಶಪುರದ ಘಾಟಿಯ ರೈಲುದಾರಿ ತಕ್ಕ ಸ್ಥಳ. ಅಲ್ಲಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರು. ನಡುವೆ 57 ಸುರಂಗಗಳು. ಎಡಕುಮೇರಿಯ ಆಸುಪಾಸಿನಲ್ಲಿ ಕಿಟಕಿಯಾಚೆ ಕಣಿವೆಯೊಂದು ಕಣ್ಣಿಗೆ ಬೀಳುವಷ್ಟರಲ್ಲಿ ಸುರಂಗ ಬಂದು ನುಂಗಿಬಿಡುತ್ತದೆ. ‘ಅಯ್ಯೋ, ಮಿಸ್ ಆಯ್ತು’ ಎನ್ನುತ್ತಾನೆ ಒಬ್ಬ. ‘ನಿದ್ದೆಹೋಗಿ ಮಿಸ್ ಮಾಡ್ಕೊಂಡೆ’ ಎನ್ನುತ್ತಾನೆ ಮತ್ತೊಬ್ಬ. ಮೊದಲನೆಯವನು ಹೊಣೆಯನ್ನು ಸುರಂಗಕ್ಕೆ ಬಿಟ್ಟ, ಎರಡನೆಯವನು ತಾನೇ ಹೊತ್ತ. ಈ ಸೂಕ್ಷ್ಮವನ್ನು ಒದಗಿಸಿದವು ನಮ್ಮ ‘ಆಗು’, ‘ಮಾಡು’, ‘ಕೊಳ್ಳು’ಗಳೇ. ಸಂಸ್ಕೃತದ ಧಾತುವಿಗೆ ‘ಇಸು’ ಹಚ್ಚಿ ‘ರಚಿಸು’, ‘ಭಾವಿಸು’ ಎಂದು ತನ್ನದಾಗಿಸಿಕೊಂಡ ಕನ್ನಡ, ಇಂಗ್ಲಿಷಿಗೆ ಅಷ್ಟು ಸಲಿಗೆಯನ್ನೂ ಕೊಟ್ಟಿಲ್ಲ. ‘ಮಿಸ್ಸಿಸು’ ಎಂದು ಯಾರಾದರೂ ಅಂದಾರೆಯೆ? ಆದ್ದರಿಂದ ವ್ಯಾಕರಣಕ್ಕೆ ಆತಂಕವಿಲ್ಲ.

ಆತಂಕವಿರುವುದು ಅರ್ಥಕ್ಕೆ. ರೈಲು ತಪ್ಪಿತು, ದಾರಿ ತಪ್ಪಿತು, ಮಾತಿಗೆ ತಪ್ಪಿದ, ಗಂಡಾಂತರ ತಪ್ಪಿತು—ಒಂದೇ ಧಾತು ನಷ್ಟವನ್ನೂ ನೀತಿಯನ್ನೂ ಬಿಡುಗಡೆಯನ್ನೂ ಹೇಳಬಲ್ಲದು. ಅದೇ ನಾಮಪದವಾದಾಗ ಅಪರಾಧ! ‘ಮಿಸ್’ಗೆ ಕನ್ನಡದಲ್ಲಿ ಇಷ್ಟು ಬಂಧುಬಳಗವಿಲ್ಲ.

ಅದಕ್ಕೆ ಇನ್ನೊಂದು ಅರ್ಥವೂ ಉಂಟು. 1996ರಲ್ಲಿ ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡುವುದಕ್ಕಾಗಿ ಈ ದಾರಿಯಲ್ಲಿ ರೈಲು ನಿಂತಿತು. ಪ್ರಯಾಣಿಕರ ಗಾಡಿ ಮರಳಿ ಬಂದದ್ದು 2007ರಲ್ಲಿ. ಅಷ್ಟು ವರ್ಷ ಜನ ರೈಲನ್ನು ‘ಮಿಸ್ ಮಾಡಿಕೊಂಡರು’ ಎಂದುಬಿಟ್ಟರೆ ಮುಗಿಯಿತೆ? ದಿನವೂ ಓಡಾಡುತ್ತಿದ್ದವನಿಗೆ ಅದು ಕೊರತೆ. ಎಳವೆಯಲ್ಲಿ ಸುರಂಗಗಳನ್ನು ಎಣಿಸುತ್ತ ಹೋದವನಿಗೆ ನೆನಪು. ರಜೆಗೆ ಬರುವ ಮಗನ ದಾರಿ ಕಾಯುತ್ತಿದ್ದ ತಾಯಿಗೆ ಹಂಬಲ. ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿದರೆ ಯಾವುದು ಯಾರದೆಂದು ತಿಳಿಯುವ ಬಗೆ ಹೇಗೆ?

ಇಂಗ್ಲಿಷಿನವರಿಗೆ ಬಸ್ಸಿಗೂ ತಾಯಿಗೂ ಒಂದೇ ಕ್ರಿಯಾಪದ; ಸಂದರ್ಭವೇ ಅಲ್ಲಿ ಅರ್ಥವನ್ನು ಬೇರ್ಪಡಿಸುತ್ತದೆ. ಅವರ ಭಾಷೆಯಲ್ಲಿ ಬೆಳೆದುಬಂದ ಪದ್ಧತಿ ಅದು, ಅವರಿಗೆ ಸರಿ. ನಾವು ಬೇರೆಬೇರೆ ಮಾತುಗಳನ್ನು ಕೈಯಲ್ಲಿಟ್ಟುಕೊಂಡೂ ಒಂದಕ್ಕೇ ಜೋತುಬಿದ್ದರೆ ಅದು ಆಲಸ್ಯ. ‘ಅಮ್ಮಾ, ಮಿಸ್ ಮಾಡ್ಕೋತಾ ಇದೀನಿ’ ಎಂದು ದೂರದೂರಿನಿಂದ ಹೇಳುವ ಮಗಳ ಪ್ರೀತಿಯಲ್ಲಿ ಕೊರತೆಯಿಲ್ಲ, ನಿಜ. ಆದರೆ ಬೆಳಗ್ಗೆ ತಪ್ಪಿದ ಬಸ್ಸಿಗೂ ಅವಳು ಅದೇ ಮಾತನ್ನು ಖರ್ಚು ಮಾಡಿದ್ದಾಳೆ.

ರೈಲಿಗೆ, ಬಸ್ಸಿಗೆ, ದೂರವಾಣಿಯ ಕರೆಗೆ ‘ಮಿಸ್’ ಇದ್ದರೆ ಇರಲಿ. ಮನೆಗೆ ಬರೆಯುವಾಗ ಮಾತ್ರ ‘ನಿಮ್ಮ ನೆನಪಾಗುತ್ತಿದೆ’ ಎಂದೇ ಬರೆಯಿರಿ ಎಂದು ತರಗತಿಯಲ್ಲಿ ನಾನು ಹೇಳುವುದುಂಟು.