ಸಿಎಸ್‌ಪಿಯ ಪಾಟೀಸವಾಲು

ಟಿ.ಎನ್. ಸೀತಾರಾಮ್ ಧಾರಾವಾಹಿಯಲ್ಲಿ ಕೋರ್ಟ್ ದೃಶ್ಯ ಬಂತೆಂದರೆ ಅಡುಗೆಮನೆಯಲ್ಲಿದ್ದವರೂ ಸೌಟು ಹಿಡಿದೇ ಹೊರಗೆ ಬಂದು ನಿಲ್ಲುತ್ತಿದ್ದರು. ಕರಿಕೋಟಿನ ವಕೀಲ ಸಿಎಸ್‌ಪಿ ಮೇಜು ಗುದ್ದುವುದಿಲ್ಲ, ಕಿರುಚುವುದಿಲ್ಲ. ಮೆಲುದನಿಯಲ್ಲಿ ಒಂದು ಸಾದಾ ಪ್ರಶ್ನೆ, ಆಮೇಲೆ ಮೌನ. ಆ ಮೌನದಲ್ಲೇ ಸಾಕ್ಷಿ ಬೆವರಬೇಕು. ಪಾತ್ರ ಮಾಡಿದ್ದೂ ಸೀತಾರಾಮ್ ಅವರೇ, ಮಾತು ಬರೆದದ್ದೂ ಅವರೇ. ಕಾನೂನು ಓದಿದ್ದು, ನಾಟಕ ಬರೆದದ್ದು ಎರಡೂ ಅಲ್ಲಿ ಕೆಲಸಕ್ಕೆ ಬಂದವು.

1998ರಲ್ಲಿ ದೂರದರ್ಶನಕ್ಕೆ 'ಮಾಯಾಮೃಗ', ಮುಂದೆ 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ'. ನಡುವೆ ಭೈರಪ್ಪನವರ ಕಾದಂಬರಿಯಿಂದ 'ಮತದಾನ' ಸಿನಿಮಾ. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ನನ್ನ ಮಟ್ಟಿಗೆ ಅವರ ನಿಜವಾದ ಅಖಾಡ ಕಿರುತೆರೆಯೇ. ಅತ್ತೆ-ಸೊಸೆ ಜಗಳವಿಲ್ಲದೆಯೂ ಜನ ರಾತ್ರಿ ಟೀವಿ ಮುಂದೆ ಕೂರುತ್ತಾರೆಂದು ನಂಬಿದವರು ಎಷ್ಟು ಮಂದಿ? ಸಾಲ, ಜಮೀನು, ರಾಜಕೀಯ, ಮಧ್ಯಮವರ್ಗದ ಮರ್ಯಾದೆ ಇವೇ ಅವರ ಕಥೆಯ ಸರಕು. ಕೆಲವೊಮ್ಮೆ ಕಂತುಗಳು ಎಳೆದದ್ದುಂಟು, ಸುಳ್ಳೇಕೆ? ಆದರೂ ಖಳನಿಗೂ ತನ್ನದೊಂದು ನ್ಯಾಯ ಹೇಳಿಕೊಳ್ಳಲು ಅವಕಾಶ ಕೊಟ್ಟರು.

2018ರಲ್ಲಿ 'ಮಗಳು ಜಾನಕಿ' ಬಂದಾಗ ಅವರಿಗೆ ಎಪ್ಪತ್ತರ ಆಸುಪಾಸು. ಸಿಎಸ್‌ಪಿ ಆಗಲೂ ಕೋರ್ಟಿಗೆ ಹಾಜರಾಗಿದ್ದರು.